ಹನ್ನೊಂದು ಹೆಜ್ಜೆ

ಏಳನೆಯ ಪುಸ್ತಕ ಬಂದಾಗ ಓದಕ್ಕ ತೀರಿಕೊಂಡು ಮೂರು ತಿಂಗಳಾಗಿತ್ತು.

ಕತ್ತರಿ ಅದನ್ನು ಲೈಬ್ರರಿಯಿಂದ ಊಟದ ಚೀಲದಲ್ಲಿ ಮುಚ್ಚಿಕೊಂಡು ತಂದು, ಹಳೆಬಟ್ಟೆ ಶೆಡ್ಡಿನ ಮೊದಲ ಮೇಜಿನ ಮೇಲೆ, ಆಗಷ್ಟೇ ನಿದ್ದೆ ಹೋದ ಕೂಸನ್ನು ಮಲಗಿಸುವವಳ ಹಾಗೆ ಇಟ್ಟಳು. ಕತ್ತರಿ ಎಂಬುದು ಅವಳ ಕೈಯಲ್ಲಿರುವುದಕ್ಕೆ ಇಟ್ಟ ಹೆಸರೋ ಬಾಯಲ್ಲಿರುವುದಕ್ಕೆ ಇಟ್ಟ ಹೆಸರೋ ಈಗ ಯಾರಿಗೂ ನೆನಪಿಲ್ಲ. ಹೆಂಗಸರೆಲ್ಲ ಎದ್ದು ಬಂದು ನೋಡಿದರು. ಒಬ್ಬರೂ ಮುಟ್ಟಲಿಲ್ಲ. ಆಮೇಲೆ ಎಲ್ಲ ಮುಖಗಳೂ ಒಟ್ಟಿಗೆ ಕೊನೆಯ ಮೇಜಿನ ಕಡೆ ತಿರುಗಿದವು. ಅಲ್ಲಿ ತಂಗಿ ಒಬ್ಬಳೇ ತಲೆ ತಗ್ಗಿಸಿ ಒಂದು ಕೋಟಿನ ಅಸ್ತರು ಬಿಚ್ಚುತ್ತಿದ್ದಳು.

ಓದಕ್ಕನ ಒಡಹುಟ್ಟಿದವಳಾದ್ದರಿಂದ ಅವಳು ಶೆಡ್ಡಿಗೆಲ್ಲ ತಂಗಿ. ಅವಳಿಗಿಂತ ಹತ್ತು ವರ್ಷ ಚಿಕ್ಕವರೂ ಹಾಗೇ ಕರೆಯುತ್ತಿದ್ದರು.

"ನನ್ನ ಯಾಕೆ ನೋಡ್ತೀರಿ? ನಾನು ಓದಲ್ಲ," ಎಂದಳು ತಂಗಿ.

"ಮತ್ತೆ ಯಾರು, ಮೇಸ್ತ್ರಿ ಓದ್ತಾನಾ?" ಎಂದಳು ಕತ್ತರಿ. "ಅವನು ಹಾಜರಿ ಕೂಗೋದೇ ಕೇಳೋಕಾಗಲ್ಲ."

"ನಿಮ್ಮಕ್ಕನ ದನಿಯೇ ಅಲ್ವೇನೇ ನಿಂದು," ಎಂದಳು ಗುಂಡಿಯಜ್ಜಿ. ನಲವತ್ತು ವರ್ಷದಿಂದ ಗುಂಡಿ ಕಿತ್ತೂ ಕಿತ್ತೂ ಅವಳ ಹೆಬ್ಬೆರಳು ಸಣ್ಣ ಸೌಟಿನ ಹಾಗೆ ಬಾಗಿಹೋಗಿತ್ತು. "ಕತೇಲಿರೋ ಆ ಹುಡುಗಿ ಕೊನೆಗೆ ಏನಾದಳು ಅಂತ ತಿಳೀದೆ ನಾನು ಸಾಯಬೇಕಾ? ಪಾಪ ಸುತ್ತಿಕೊಳ್ಳುತ್ತೆ ನೋಡು."

ತಂಗಿ ಎದ್ದು ಮೊದಲ ಮೇಜಿಗೆ ಹೋದಳು. ಪುಸ್ತಕ ಎತ್ತಿಕೊಂಡಳು. "ಸೋಮವಾರ ಹೇಳ್ತೀನಿ," ಎಂದು ತನ್ನ ಜಾಗಕ್ಕೆ ಮರಳಿದಳು. ಹನ್ನೊಂದು ಹೆಜ್ಜೆ. ಅವಳು ಎಣಿಸಬೇಕೆಂದು ಎಣಿಸಿದ್ದಲ್ಲ; ಎಲ್ಲರೂ ಬೆನ್ನು ನೋಡುತ್ತಿರುವಾಗ ಮನಸ್ಸು ಇಂಥ ಕೆಲಸ ಮಾಡುತ್ತದೆ.

ಆ ಶೆಡ್ಡಿನ ಕೆಲಸ ಹೀಗೆ: ಜನ ತೊಟ್ಟು ಬಿಸಾಡಿದ ಬಟ್ಟೆ ಮೂಟೆ ಮೂಟೆಯಾಗಿ ಬರುತ್ತದೆ. ಹೆಂಗಸರು ಗುಂಡಿ ಕೀಳುತ್ತಾರೆ, ಜಿಪ್ಪು ಕತ್ತರಿಸುತ್ತಾರೆ, ಹತ್ತಿಗೊಂದು ರಾಶಿ, ಉಣ್ಣೆಗೊಂದು ರಾಶಿ, ಎರಡೂ ಅಲ್ಲದ್ದಕ್ಕೆ ಇನ್ನೊಂದು ರಾಶಿ. ಗೋಡೆಯಾಚೆ ಯಂತ್ರ ಆ ರಾಶಿಗಳನ್ನು ಹರಿದು, ಹಿಂಜಿ, ಮತ್ತೆ ನೂಲಾಗಬಲ್ಲ ಎಳೆ ಮಾಡುತ್ತದೆ. ಯಂತ್ರದ ಸದ್ದು ಒಂದು ಪಾಲು ಈಚೆ ಬಂದರೆ ಧೂಳು ಮೂರು ಪಾಲು ಬರುತ್ತದೆ. ಗಾಳಿಗೆ ರಾಶಿಗಳು ಕಲೆತುಹೋಗುತ್ತವೆಂದು ಕಿಟಕಿಗಳಿಗೆ ಮೊಳೆ ಹೊಡೆಸಿದ್ದಾರೆ. ಬೆಳಿಗ್ಗೆ ಕಪ್ಪು ಕೂದಲಲ್ಲಿ ಒಳಗೆ ಹೋದವರು ಸಂಜೆ ಮುದುಕಿಯರಾಗಿ ಹೊರಗೆ ಬರುತ್ತಾರೆ. ಗೇಟಿನ ಬಳಿ ತಲೆ ಕೊಡವಿ ವಯಸ್ಸು ಇಳಿಸಿಕೊಳ್ಳುತ್ತಾರೆ. ಕೂದಲಿಗೆ ಅಂಟಿದ್ದು ಕೊಡವಿದರೆ ಹೋಗುತ್ತದೆ. ಎದೆಯೊಳಗೆ ಹೋದದ್ದನ್ನು ಕೊಡವುವ ವಿದ್ಯೆ ಯಾರಿಗೂ ಗೊತ್ತಿಲ್ಲ. ಅದಕ್ಕೆ ಮಾಲೀಕ ತೋರಿಸಿದ ದಾರಿ ಒಂದೇ: ಮೂಟೆಯಿಂದಲೇ ಒಂದು ಚೂರು ಹರಿದುಕೊಂಡು ಮೂಗುಬಾಯಿಗೆ ಕಟ್ಟಿಕೊಳ್ಳಿ.

ಮೊದಲನೆಯ ಪುಸ್ತಕವೂ ಮೂಟೆಯಲ್ಲೇ ಸಿಕ್ಕಿದ್ದು. ಯಾವುದೋ ಮಗುವಿನ ಕೋಟಿನ ಜೇಬಿನಲ್ಲಿ, ರಟ್ಟು ಕಿತ್ತುಹೋಗಿ, ಹೆಸರೂ ಇಲ್ಲದೆ. ಅಕ್ಕ ಊಟದ ಹೊತ್ತಿನಲ್ಲಿ ನಾಲ್ಕು ಪುಟ ಗಟ್ಟಿಯಾಗಿ ಓದಿದಳು. ಊಟದ ಹೊತ್ತು ಮುಗಿಯಿತು, ಕತೆ ನಡುದಾರಿಯಲ್ಲಿ ನಿಂತಿತು. "ನೀನು ಓದ್ತಾ ಇರು, ನಿನ್ನ ಮೂಟೆ ನಾವು ನೋಡ್ಕೋತೀವಿ," ಎಂದಳು ಗುಂಡಿಯಜ್ಜಿ. ಅಲ್ಲಿಂದ ಅದೇ ಪದ್ಧತಿಯಾಯಿತು. ದಿನಕ್ಕೆ ಎರಡು ಗಂಟೆ ಅಕ್ಕ ಓದುವುದು, ಅವಳ ಪಾಲಿನ ಮೂಟೆಯನ್ನು ಉಳಿದವರು ಹಂಚಿಕೊಂಡು ಬಿಡಿಸುವುದು. ಕೈಗಳು ನಿಲ್ಲುವುದಿಲ್ಲವಲ್ಲ ಎಂದು ಮೇಸ್ತ್ರಿ ಸುಮ್ಮನಾದ. ನಿಜ ಹೇಳಬೇಕೆಂದರೆ ಕತೆಯಲ್ಲಿ ಯಾರಾದರೂ ಯಾರನ್ನಾದರೂ ಅಟ್ಟಿಸಿಕೊಂಡು ಹೋದಾಗ ಕತ್ತರಿಗಳೂ ಓಡುತ್ತಿದ್ದವು. ಮಾಲೀಕನಿಗೆ ಅದೂ ಬಿಟ್ಟಿ ಲಾಭ.

ಮೊದಲ ವಾರ ಅಕ್ಕ ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಓದಿದ್ದಳು. ಯಂತ್ರದ ಸದ್ದಿನಲ್ಲಿ ಮುಂದಿನ ಎರಡು ಮೇಜಿಗೆ ಬಿಟ್ಟರೆ ಯಾರಿಗೂ ಕೇಳುತ್ತಿರಲಿಲ್ಲ. ಆಗ ಕೊನೆಯ ಮೇಜಿನಿಂದ ಕೂಗಿದವಳು ತಂಗಿ.

"ಅಕ್ಕಾ, ಅದೇನು ಮದುಮಗಳ ಹಾಗೆ ಮುಸುಕು ಹಾಕ್ಕೊಂಡು ಓದ್ತೀಯ? ನಮಗೇನು ಕೇಳಿಸುತ್ತೆ? ಬಟ್ಟೆ ತೆಗೆದು ಓದೇ!"

ಶೆಡ್ಡು ಗೊಳ್ಳೆಂದು ನಕ್ಕಿತು, ಚಪ್ಪಾಳೆ ತಟ್ಟಿತು. ಅಕ್ಕ ನಾಚಿಕೊಂಡು ಬಟ್ಟೆ ಬಿಚ್ಚಿದಳು, ಮಡಿಸಿದಳು, ಸ್ಟೂಲಿನ ಮೇಲೆ ಹಾಸಿ ಅದರ ಮೇಲೆ ಕೂತಳು. ದನಿ ಕೊನೆಯ ಮೇಜಿಗೆ ಬಂದು ಮುಟ್ಟಿತು. ನೀಲಿ ಚೌಕುಳಿಯ ಆ ಬಟ್ಟೆ ಐದು ವರ್ಷ ಅಲ್ಲೇ ಇತ್ತು. ಆರು ಪುಸ್ತಕ ಮುಗಿದವು. ಇಡೀ ಶೆಡ್ಡಿನಲ್ಲಿ ಬಾಯಿ ತೆರೆದುಕೊಂಡು ಉಸಿರಾಡಿದವಳು ಅವಳೊಬ್ಬಳೇ.

ಕತೆ ಒಬ್ಬ ಹುಡುಗಿಯದು. ಅವಳಿಗೆ ಪುಸ್ತಕದಲ್ಲಿ ಉದ್ದನೆಯ ಹೆಸರೊಂದಿತ್ತು. ಶೆಡ್ಡಿನಲ್ಲಿ ಎಲ್ಲರೂ "ನಮ್ಮ ಹುಡುಗಿ" ಎನ್ನುತ್ತಿದ್ದರು. ಮೊದಲ ಪುಸ್ತಕದಲ್ಲಿ ಅವಳಿಗೆ ಹನ್ನೆರಡು ವರ್ಷ, ಒಂದೊಂದು ಪುಸ್ತಕಕ್ಕೆ ಒಂದೊಂದು ವರ್ಷ ಬೆಳೆಯುತ್ತಾಳೆ. ಜೊತೆಗೊಂದು ಮಾತಾಡುವ ಕುಂಟು ಕತ್ತೆ. ಅವಳ ನಾಡಿನ ಅಂಚಿನಲ್ಲೊಂದು ಸೇತುವೆ, ಸೇತುವೆಯಾಚೆ ಹಗಲಿರುಳೂ ಬೆಳಗುವ ಪಟ್ಟಣ. ಹದಿನೆಂಟು ತುಂಬಿದ ದಿನ ಪ್ರತಿಯೊಬ್ಬರೂ ಆ ಸೇತುವೆ ದಾಟಬೇಕು. ದಾಟುವವರು ತಮಗೆ ಪ್ರಾಣದಂತಿರುವ ಒಂದನ್ನು ಕಾವಲಿನವನ ಕೈಗೆ ಕೊಡಬೇಕು. ಒಬ್ಬ ತನ್ನ ಹಾಡು ಕೊಟ್ಟ, ಒಬ್ಬಳು ತನ್ನ ನಗು ಕೊಟ್ಟಳು. ಪಟ್ಟಣದ ದೀಪಗಳೆಲ್ಲ ಉರಿಯುವುದು ಹೀಗೆ ಕಿತ್ತುಕೊಂಡದ್ದರಿಂದಲೇ. ಆರನೆಯ ಪುಸ್ತಕ ನಿಂತದ್ದು ನಮ್ಮ ಹುಡುಗಿಗೆ ಹದಿನೆಂಟಾಗಲು ಒಂದು ದಿನ ಬಾಕಿಯಿರುವಾಗ, ಸೇತುವೆ ಕಣ್ಣಿಗೆ ಕಂಡಾಗ.

ಅವಳು ಏನು ಕೊಡುತ್ತಾಳೆ? ಶೆಡ್ಡಿನ ಊಟದ ಹೊತ್ತುಗಳೆಲ್ಲ ಅದಕ್ಕೇ ಹೋದವು.

"ಕತ್ತೇನ ಕೊಡ್ತಾಳೆ, ಬರೆದಿಟ್ಕೊಳ್ಳಿ," ಎಂದಿದ್ದಳು ಗುಂಡಿಯಜ್ಜಿ.

"ಅಯ್ಯೋ, ನಿನ್ನ ಬಾಯಿಗೆ ಮಣ್ಣು ಹಾಕ! ಆ ಕತ್ತೆ ಅವಳಿಗೆ ತಾಯಿಗಿಂತ ಹೆಚ್ಚು."

"ಅದಕ್ಕೇ ಕೇಳ್ತಾನೆ ಅವನು. ಬೇಡದ್ದನ್ನ ಯಾರು ಕಿತ್ಕೋತಾರೆ?"

ಕತ್ತರಿಯ ವಾದ ಬೇರೆ. "ಏನೂ ಕೊಡಲ್ಲ ಅವಳು. ಖಾಲಿ ಡಬ್ಬಿ ಕೈಗಿಟ್ಟು ಓಡ್ತಾಳೆ. ನಾಲ್ಕನೇ ಪುಸ್ತಕದಲ್ಲಿ ಡಬ್ಬಿ ಸಿಕ್ಕಿತ್ತಲ್ಲ, ಅದು ಸುಮ್ಮನೆ ಸಿಗುತ್ತಾ? ಲೈಬ್ರರಿಯಲ್ಲಿ ಕಾಲೇಜಿನವರು ಇನ್ನೂ ಒಂದು ಹೇಳ್ತಾರೆ. ಕಾವಲಿನವನೇ ಅವಳ ಅಪ್ಪ ಅಂತೆ. ಗೋಡೆಗೆ ನಕಾಶೆ ಅಂಟಿಸಿ, ದಾರ ಕಟ್ಟಿ ತೋರಿಸ್ತಿದ್ರು."

"ಅಪ್ಪ ಆದ್ರೆ ಬಿಟ್ಟುಬಿಡ್ತಾನಾ?" ಎಂದಳು ಅಜ್ಜಿ. "ನಮ್ಮ ಮೇಸ್ತ್ರಿ ನನ್ನ ಸ್ವಂತ ಅಣ್ಣನ ಮಗ. ಎತ್ತಿ ಆಡಿಸಿದ ಕೈ ಇದು. ಒಂದು ದಿನ, ಒಂದೇ ಒಂದು ದಿನ ಬೇಗ ಮನೆಗೆ ಕಳಿಸಿದ್ದಾನಾ ಕೇಳು."

ಜಗಳ ಹೆಚ್ಚಾದಾಗ ಓದಕ್ಕನೇ ಒಂದು ಉಪಾಯ ಹೇಳಿದಳು. ಒಬ್ಬೊಬ್ಬರೂ ತಮ್ಮ ಊಹೆಯನ್ನು ಬಟ್ಟೆಯ ಚೂರಿನ ಮೇಲೆ ಬರೆದು ಗುಂಡಿಯ ಡಬ್ಬಕ್ಕೆ ಹಾಕುವುದು. ಏಳನೆಯ ಪುಸ್ತಕ ಮುಗಿದ ದಿನ ಬಿಚ್ಚುವುದು. "ತಾಯಿಯ ನೆನಪು ಕೊಡ್ತಾಳೆ" ಎಂದು ಒಬ್ಬಳು, "ಹೆಸರು" ಎಂದು ಮೂವರು, "ಸೇತುವೆ ಮುರಿದು ಬೀಳ್ತದೆ, ದೇವರು ದೊಡ್ಡವನು" ಎಂದು ಒಬ್ಬಳು. ಅಕ್ಷರ ಬಾರದ ಗುಂಡಿಯಜ್ಜಿ ಒಂದು ಬೂದುಬಣ್ಣದ ಗುಂಡಿಯನ್ನು ಚಿಂದಿಯಲ್ಲಿ ಗಂಟು ಹಾಕಿ, "ಇದೇ ಕತ್ತೆ," ಎಂದು ಡಬ್ಬಕ್ಕೆ ಹಾಕಿದಳು. ಓದಕ್ಕ ಮಾತ್ರ ಏನೂ ಹಾಕಲಿಲ್ಲ. "ಓದೋಳು ಊಹೆ ಮಾಡಬಾರದು ಕಣ್ರೇ. ಮಾಡಿದರೆ ದನಿಯಲ್ಲಿ ಸಿಕ್ಕಿಬೀಳುತ್ತೆ," ಎಂದಳು. ಹೇಳಿ ಕೆಮ್ಮಿದಳು. ಆಗಲೇ ಅವಳಿಗೆ ಒಂದು ಪುಟಕ್ಕೆ ಮೂರು ಸಲ ನಿಲ್ಲಬೇಕಾಗುತ್ತಿತ್ತು. ಕುತೂಹಲ ಹೆಚ್ಚಿಸಲು ಅವಳು ಬೇಕಂತಲೇ ನಿಲ್ಲಿಸುತ್ತಾಳೆ ಎಂದುಕೊಂಡು ಶೆಡ್ಡಿನವರು, "ಓದು ಮಾರಾಯ್ತಿ, ಸತಾಯಿಸಬೇಡ," ಎಂದು ಬೈಯುತ್ತಿದ್ದರು.

ಕಾರ್ಖಾನೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು, "ಸಿಗರೇಟು ಸೇದ್ತೀಯಾ?" ಎಂದು ಕೇಳಿದ. ಇಲ್ಲವೆಂದಳು. "ಗಂಡ ಸೇದ್ತಾನಾ?" ಗಂಡನೇ ಇಲ್ಲವೆಂದಳು. ಆತ ಚೀಟಿಯಲ್ಲಿ "ಹುಟ್ಟಿನಿಂದಲೇ ದುರ್ಬಲ ಶ್ವಾಸಕೋಶ" ಎಂದು ಬರೆದ. ಮೂವತ್ತೆಂಟು ವರ್ಷ ಬೆಟ್ಟ ಹತ್ತಿದಂತೆ ಮೆಟ್ಟಿಲು ಹತ್ತಿ, ನೀರು ಹೊತ್ತು, ಎರಡು ಗಂಟೆ ನಿಲ್ಲದೆ ಓದಿದ ಎದೆ, ಒಂದು ಸಾಲಿನಲ್ಲಿ ಹುಟ್ಟುದುರ್ಬಲವಾಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ರಸೀದಿಯಲ್ಲಿ ಮಾತ್ರ ಹೊಲದ್ದೇ ತಪ್ಪು.

ಆಸ್ಪತ್ರೆಯಲ್ಲಿ ಅಕ್ಕನ ಮೂಗುಬಾಯಿಗೆ ಆಮ್ಲಜನಕದ ಮುಸುಕು ಕಟ್ಟಿದರು. ಐದು ವರ್ಷ ನಾವು ಕಟ್ಟಿಕೊಳ್ಳಲು ಬಿಡದ ಮುಸುಕು ಇದು, ಎಂದುಕೊಂಡಳು ತಂಗಿ. ಅಲ್ಲ, ನಾವಲ್ಲ, ನಾನು. ಅದನ್ನು ಹೇಳಿ ಅಕ್ಕನ ಕಾಲು ಹಿಡಿದುಕೊಳ್ಳಬೇಕೆಂದು ದಿನವೂ ಹೋಗುತ್ತಿದ್ದಳು. ಹೋದಾಗ ಬಾಯಿಗೆ ಬರುತ್ತಿದ್ದದ್ದೇ ಬೇರೆ. ಒಂದು ಮಧ್ಯಾಹ್ನ ಕೇಳಿದಳು: "ಅಕ್ಕಾ, ಈಗಲಾದರೂ ಹೇಳು. ನಮ್ಮ ಹುಡುಗಿ ಏನು ಕೊಡ್ತಾಳೆ?"

ಅಕ್ಕ ಮುಸುಕು ಸರಿಸಿದಳು. ಕಣ್ಣಲ್ಲಿ ಹಳೆಯ ತುಂಟತನವಿತ್ತು.

"ಅವಳು... ದಾಟೋದಿಲ್ಲ ಕಣೇ."

"ಸಾಯ್ತಾಳಾ?"

ಅಕ್ಕ ತಲೆಯಾಡಿಸಿದಳು, ಇಲ್ಲ ಎಂದು. "ಕೂತ್ಕೋತಾಳೆ."

"ಕೂತ್ಕೋತಾಳೆ ಅಂದ್ರೆ? ಎಲ್ಲಿ?"

ಉತ್ತರಕ್ಕೆ ಬೇಕಾದಷ್ಟು ಉಸಿರು ಇರಲಿಲ್ಲ, ಅಕ್ಕ ಒದ್ದಾಡತೊಡಗಿದಳು. ನರ್ಸು ಬಂದು ಮುಸುಕು ಸರಿಮಾಡಿ, ತಂಗಿಯನ್ನು ಗದರಿ ಹೊರಗೆ ಕಳಿಸಿದಳು. ಮರುದಿನ ಹಾಸಿಗೆ ಖಾಲಿಯಿತ್ತು.

ಮಾಲೀಕ ಶೆಡ್ಡಿಗೆ ಬಂದು, ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ, ಐದು ನಿಮಿಷ ಮಾತಾಡಿದ. "ಆಕೆ ಕ್ಯಾಂಡಲಿನ ಹಾಗೆ. ತಾನು ಕರಗಿ ನಿಮಗೆಲ್ಲ ಬೆಳಕು ಕೊಟ್ಟಳು," ಎಂದ. ಹೆಂಗಸರು ಅತ್ತರು. ತಂಗಿ ಅಳಲಿಲ್ಲ. ಕ್ಯಾಂಡಲು ತಾನಾಗಿ ಹತ್ತಿಕೊಳ್ಳುವುದಿಲ್ಲ ಎಂದುಕೊಂಡಳು. ಕಡ್ಡಿ ಗೀರಿದ ಕೈ ತನ್ನದೇ.

ಪುಸ್ತಕ ಮನೆಗೆ ತಂದ ಮೇಲೆ ಭಾನುವಾರ ಮಧ್ಯಾಹ್ನ ತಂಗಿ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, ಮಾಡಬಾರದ ಕೆಲಸ ಮಾಡಿದಳು: ಮೊದಲು ಕೊನೆಯ ಅಧ್ಯಾಯ ತೆರೆದಳು.

ನಮ್ಮ ಹುಡುಗಿ ಸೇತುವೆಗೆ ಬರುತ್ತಾಳೆ. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ? ಕಾವಲಿನವನು ಕೈ ಚಾಚುತ್ತಾನೆ. ಅವಳು ಕತ್ತೆಯ ಹಣೆಗೆ ಮುತ್ತಿಟ್ಟು, ತನ್ನನ್ನೇ ಕೊಟ್ಟುಬಿಡುತ್ತಾಳೆ. ದೊಡ್ಡ ದೀಪದೊಳಗೆ ನಗುನಗುತ್ತ ಇಳಿಯುತ್ತಾಳೆ. ಪಟ್ಟಣ ಇನ್ನು ಸಾವಿರ ವರ್ಷ ಬೆಳಗುತ್ತದೆ, ಇನ್ನು ಯಾರೂ ಏನೂ ಕೊಡಬೇಕಿಲ್ಲ. ಜನ ಅವಳಿಗೊಂದು ಪ್ರತಿಮೆ ನಿಲ್ಲಿಸಿ ಹೂವು ಹಾಕುತ್ತಾರೆ. ಕತ್ತೆ ಪ್ರತಿಮೆಯ ಕೆಳಗೆ ನಿಂತಿರುತ್ತದೆ.

ತಂಗಿ ಪುಸ್ತಕ ಮುಚ್ಚಿದಳು. ಬರೆದವರು ಮೋಸಗಾರರಲ್ಲ, ಒಳ್ಳೆಯವರೇ ಇರಬೇಕು. ಆ ಪುಟ ಬರೆಯುವಾಗ ಅತ್ತಿರಲೂಬಹುದು. ಆದರೆ ಆರು ಪುಸ್ತಕ ಕಾದು ಕೇಳಿದ್ದು ಇದನ್ನೇ? ಮಾಲೀಕ ಐದು ನಿಮಿಷದಲ್ಲಿ ಬಿಟ್ಟಿಯಾಗಿ ಹೇಳಿಹೋದದ್ದನ್ನೇ? ನಗುನಗುತ್ತ ಅಂತೆ! ಸಾಯುವ ಹುಡುಗಿ ನಗುತ್ತಾಳೆಂದು ಬರೆದರೆ ನೋಡುತ್ತ ನಿಂತವರಿಗೆ ಎಷ್ಟು ಹಗುರ. ತನ್ನ ಅಕ್ಕ ಕೊನೆಯ ದಿನ ನಗಲಿಲ್ಲ. ನೀರಿನಿಂದ ಹೊರಬಿದ್ದ ಮೀನಿನ ಹಾಗೆ ಒದ್ದಾಡಿದಳು.

ಕೊನೆ ಬದಲಿಸಿ ಓದಿದರಾಯಿತು ಎಂದು ಒಂದು ಗಳಿಗೆ ಅನ್ನಿಸಿತು. ಸರಾಗವಾಗಿ ಓದಬಲ್ಲವರು ನಾಲ್ಕೈದು ಜನ, ಯಾರು ನೋಡುತ್ತಾರೆ? ಆಮೇಲೆ ಬೇಡವೆನ್ನಿಸಿತು. ಅಕ್ಕ ಒಂದು ಸಾಲೂ ಸುಳ್ಳು ಓದಿದವಳಲ್ಲ. ಒಳಗೆ ಹೋಗಿ ಅಕ್ಕನ ಪೆಟ್ಟಿಗೆ ತೆರೆದಳು. ಸ್ಟೂಲಿನಿಂದ ತಂದಿಟ್ಟ ನೀಲಿ ಚೌಕುಳಿಯ ಬಟ್ಟೆ ಮಡಿಕೆ ಕೆಡದೆ ಅದರಲ್ಲಿತ್ತು.

ಸೋಮವಾರ ಹೆಂಗಸರು ಅಕ್ಕನ ಸ್ಟೂಲು ಒರೆಸಿ ಇಟ್ಟಿದ್ದರು. ತಂಗಿ ಮೊದಲು ಒಂದು ಚೂರು ಬಟ್ಟೆಯ ಮೇಲೆ ಬರೆದು ಡಬ್ಬಕ್ಕೆ ಹಾಕಹೋದಳು. ಕತ್ತರಿ ಕೈ ಹಿಡಿದು ಓದಿದಳು: "ಓದಕ್ಕ. ದಾಟೋದಿಲ್ಲ, ಕೂತ್ಕೋತಾಳೆ... ಏನಿದು? ಎಲ್ಲಿ ಕೂತ್ಕೋತಾಳೆ?"

"ಗೊತ್ತಿಲ್ಲ. ಅಷ್ಟು ಹೇಳೋಕೆ ಉಸಿರು ಸಾಲಲಿಲ್ಲ."

ಕತ್ತರಿ ಅವಳ ಕೈ ಬಿಟ್ಟಳು. ಚೂರನ್ನು ತಾನೇ ಡಬ್ಬಕ್ಕೆ ಹಾಕಿದಳು.

ತಂಗಿ ಸ್ಟೂಲಿನ ಮೇಲೆ ಕೂತು, ನೀಲಿ ಬಟ್ಟೆಯನ್ನು ಮೂಗುಬಾಯಿಗೆ ಬಿಗಿಯಾಗಿ ಕಟ್ಟಿಕೊಂಡು, ಮೊದಲ ಪುಟ ತೆರೆದಳು. ಗೋಡೆಯಾಚೆ ಯಂತ್ರ ಹಿಂಜುತ್ತಿತ್ತು. ಎರಡು ಸಾಲು ಓದಿದಳು. ಹಿಂದಿನಿಂದ ಕೂಗು ಬಂತು.

"ತಂಗೀ, ಕೇಳಿಸ್ತಿಲ್ಲ! ಬಟ್ಟೆ ತೆಗಿ!"

ಕೂಗಿದವಳು ಹೋದ ವಾರವಷ್ಟೇ ಸೇರಿದ್ದ ಹೊಸಬಳು. ಅವಳಿಗೇನು ಗೊತ್ತು? ಗೊತ್ತಿದ್ದವರೆಲ್ಲ ತಿರುಗಿ ಅವಳನ್ನು ನೋಡಿದರು. ತಂಗಿಯ ಕೈ ತಾನಾಗಿಯೇ ಕತ್ತಿನ ಹಿಂದಿನ ಗಂಟಿಗೆ ಹೋಯಿತು. ಅಕ್ಕನ ಕೈಯೂ ಹೀಗೇ ಹೋಗಿತ್ತಲ್ಲವೇ, ನಾಚಿಕೊಂಡು, ನಗುತ್ತ? ಕೈ ಅಲ್ಲೇ ನಿಂತಿತು. ನಿಧಾನವಾಗಿ ಮಡಿಲಿಗೆ ಇಳಿಯಿತು.

"ತೆಗೆಯಲ್ಲ," ಎಂದಳು. "ಕೇಳಬೇಕಿದ್ರೆ ಹತ್ತಿರ ಬನ್ನಿ."

"ಕೆಲಸ ಬಿಟ್ಟಾ?"

"ಹೂಂ. ಬಿಟ್ಟು."

ಯಾರೂ ಅಲುಗಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಆಗ ತಂಗಿ, ಪುಸ್ತಕದ ಮೇಲೆ ಕಣ್ಣಿಟ್ಟುಕೊಂಡೇ ಹೇಳಿದಳು: "ಅವತ್ತು ಬಟ್ಟೆ ತೆಗಿ ಅಂದಿದ್ದು ನಾನು."

"ಗೊತ್ತು," ಎಂದಳು ಕತ್ತರಿ. "ಚಪ್ಪಾಳೆ ತಟ್ಟಿದ್ದು ನಾವು."

ಗುಂಡಿಯಜ್ಜಿ ಮೊದಲು ಎದ್ದಳು. ಕೈಯಲ್ಲಿದ್ದ ಬ್ಲೇಡು ಮೇಜಿನ ಮೇಲಿಟ್ಟಳು. ಮೊಣಕಾಲುಗಳು ಒಣಗಿದ ಕಡ್ಡಿಯ ಹಾಗೆ ಲಟಲಟ ಎಂದವು. ಮೇಜು ಹಿಡಿದುಕೊಂಡು ಬಂದು, ತಂಗಿಯ ಕಾಲ ಬಳಿ ಒಂದು ಮೂಟೆಯ ಮೇಲೆ ಕೂತು, "ಕತ್ತೆ ಬದುಕುತ್ತಾ? ಅದೊಂದು ಹೇಳಿಬಿಡು," ಎಂದಳು.

"ಬದುಕುತ್ತೆ ಅಜ್ಜಿ. ಆದ್ರೆ ಕೊನೆ ಚೆನ್ನಾಗಿಲ್ಲ. ಇದ್ದದ್ದು ಇದ್ದ ಹಾಗೇ ಓದ್ತೀನಿ. ಆಮೇಲೆ ಎಲ್ಲರೂ ಸೇರಿ ಬೈಯೋಣ."

ಕತ್ತರಿ ಕತ್ತರಿಯನ್ನು ಕೆಳಗಿಟ್ಟಳು. ಒಬ್ಬೊಬ್ಬರಾಗಿ ಬಂದರು. ಮೂಟೆಗಳ ಮೇಲೆ, ಉಣ್ಣೆಯ ರಾಶಿಯ ಮೇಲೆ, ನೆಲದ ಮೇಲೆ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಹೊಸಬಳು ಎಲ್ಲರಿಗಿಂತ ಕೊನೆಗೆ, ಏನು ತಪ್ಪಾಯಿತೋ ಎಂಬ ಹಾಗೆ ಬಂದು ಅಂಚಿನಲ್ಲಿ ಕೂತಳು. ತಂಗಿ ಓದತೊಡಗಿದಳು.

ಅರ್ಧ ಪುಟ ಆಗಿರಬಹುದು. ಕತ್ತರಿಗಳ ಸದ್ದು ನಿಂತದ್ದೇ ಮೇಸ್ತ್ರಿಗೆ ಕೂಗಿದ ಹಾಗಾಗಿತ್ತು. ಬಾಗಿಲಲ್ಲಿ ನಿಂತು, ಖಾಲಿ ಮೇಜುಗಳನ್ನು ನೋಡಿದ, ಇವರನ್ನು ನೋಡಿದ.

"ಏನಿದು? ಏನಾಗ್ತಿದೆ ಇಲ್ಲಿ?"

"ಕತೆ," ಎಂದಳು ಗುಂಡಿಯಜ್ಜಿ.

"ಕತೆ ಅಂದ್ರೆ? ಕೆಲಸ ಬಿಟ್ಟು ಎಲ್ಲರೂ ಕೂತುಬಿಟ್ಟಿದ್ದೀರಲ್ಲ!"

ಕತ್ತರಿ ತಿರುಗಿ ಗುಂಡಿಯ ಡಬ್ಬದ ಕಡೆ ನೋಡಿದಳು. ತಂಗಿಯೂ ನೋಡಿದಳು.

"ಹೂಂ. ಕೂತಿದ್ದೀವಿ," ಎಂದಳು ಅಜ್ಜಿ.

"ಅತ್ತೆ, ಏಳು. ನನ್ನ ಹೊಟ್ಟೆಮೇಲೆ ಹೊಡೀಬೇಡ. ಮಾಲೀಕರು ಬಂದ್ರೆ..."

"ಕರೀ ಹೋಗು. ಬರುವಾಗ ಆ ಕಿಟಕಿ ಮೊಳೆ ಕೀಳೋಕೆ ಸುತ್ತಿಗೆ ತಗೊಂಡು ಬಾ ಅನ್ನು."

ಮೇಸ್ತ್ರಿ ಓಡುವ ಹಾಗೆ ಹೋದ. ಇನ್ನು ಹೆಚ್ಚು ಹೊತ್ತಿಲ್ಲ, ಏನು ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಏಳಲಿಲ್ಲ.

ತಂಗಿ ಪುಟದಿಂದ ತಲೆಯೆತ್ತಿದಳು. ದೂರದಲ್ಲಿ ಕೊನೆಯ ಮೇಜು, ಅದರ ಹಿಂದೆ ಅವಳದೇ ಖಾಲಿ ಸ್ಟೂಲು. ಹನ್ನೊಂದು ಹೆಜ್ಜೆ. ಮೊಣಕಾಲು ಸವೆದ ಗುಂಡಿಯಜ್ಜಿಯೂ ನಡೆದು ಬರಬಲ್ಲಷ್ಟೇ ದೂರ. ಐದು ವರ್ಷ ಅಕ್ಕನ ದನಿಯೊಂದೇ ಆ ಹನ್ನೊಂದು ಹೆಜ್ಜೆ ನಡೆದು ತನ್ನ ಬಳಿ ಬಂದಿತ್ತು, ದಿನವೂ, ಬಾಯಿ ತೆರೆದುಕೊಂಡು.

ಕಣ್ಣೀರು ಬಟ್ಟೆಗೆ ಇಳಿದು, ನೀಲಿ ಚೌಕುಳಿ ತುಟಿಗೆ ಒದ್ದೆಯಾಗಿ ಅಂಟಿತು. ಅವಳು ತೆಗೆಯಲಿಲ್ಲ.

"ಕೇಳಿಸ್ತಿದೆಯಾ?" ಎಂದಳು.

"ಕೇಳಿಸ್ತಿದೆ," ಎಂದರು ಅವರು, "ಚೆನ್ನಾಗಿ ಕೇಳಿಸ್ತಿದೆ. ಓದು."